ರಜೆ ಇತ್ತು, ಹಬ್ಬ ಇರಲಿಲ್ಲ

೧೦ ಫೆಬ್ರುವರಿ ೧೯೩೫, ರವಿವಾರ. ಹುಬ್ಬಳ್ಳಿ

ಮನೆಯಲ್ಲಿ ಸದ್ದೇ ಇಲ್ಲ. ಏಕನಾಥನ ಮರದ ಕುದುರೆಯನ್ನು ಅವನ ಗಂಟಿನಲ್ಲಿ ಕಟ್ಟಲು ಮರೆತಿದ್ದೆ. ಅದು ಬಾಗಿಲ ಹಿಂದೆ ಮಗುಚಿ ಬಿದ್ದಿದೆ. ಎತ್ತಿ ನಿಲ್ಲಿಸಲು ಹೋದರೆ ಅಳು ಬರುತ್ತದೆ ಎಂದು ಹಾಗೆಯೇ ಬಿಟ್ಟಿದ್ದೇನೆ. ನಾನು ಕಲಿಸುವ ಸಾಲೆಯಲ್ಲಿ ಹಳೆಯ ಹಾಜರಿ ಪುಸ್ತಕವೊಂದಿತ್ತು, ಹಿಂದಿನ ಹಾಳೆಗಳೆಲ್ಲ ಖಾಲಿ. ಕೇಳಿ ತಂದುಕೊಂಡೆ. ಯಾರ ಮುಂದೂ ಹೇಳಲಾಗದ್ದನ್ನು ಇದರಲ್ಲಿ ಬರೆಯುತ್ತೇನೆ.

ಮೊನ್ನೆ ವಸಂತ ಪಂಚಮಿಯ ದಿನ ಧಾರವಾಡದ ಸಪ್ತಾಪುರದ ಮನೆಯಲ್ಲಿ ದತ್ತಕ ಹೋಮವಾಯಿತು. ನನ್ನ ಮಗನನ್ನು ನನ್ನ ತೊಡೆಯಿಂದ ಎತ್ತಿ ವೈನಿಯ ತೊಡೆಯ ಮೇಲೆ ಕೂಡಿಸಿದೆ. ವೈನಿ ಎಂದರೆ ಕಾಶೀಬಾಯಿ, ನನ್ನ ಗಂಡನ ಅಣ್ಣನ ಹೆಂಡತಿ. ಅವರಿಗೆ ಮಕ್ಕಳಿಲ್ಲ. ನನಗೆ ಮಗನಿದ್ದ, ಗಂಡನಿಲ್ಲ. ಎರಡು ವರ್ಷದ ಹಿಂದೆ ವಿಷಮಜ್ವರದಲ್ಲಿ ಹೋದರು. ಒಬ್ಬನೇ ಮಗನನ್ನು ದತ್ತಕ ಕೊಡಬಾರದು ಎಂದು ಭಟ್ಟರು ಗೊಣಗಿದರು. ಭಾವನವರು, ಯಜ್ಞೇಶ್ವರರಾಯರು, ದೊಡ್ಡ ವಕೀಲರಲ್ಲವೆ, ಹೈಕೋರ್ಟೇ ಒಪ್ಪಿದೆ ಎಂದು ಭಟ್ಟರ ಬಾಯಿ ಮುಚ್ಚಿಸಿದರು. ಏಕನಾಥನಿಗೆ ಇನ್ನು ಮೇಲೆ ನಮ್ಮ ಮಾವನವರ ಹೆಸರು: ಶೇಷಗಿರಿ. ನಾಲ್ಕು ವರ್ಷದ ಕೂಸಿಗೆ ಅಷ್ಟು ಭಾರದ ಹೆಸರು.

ಯಾಕೆ ಕೊಟ್ಟೆ? ನಾನು ಸಾಲೆಗೆ ಹೋದಾಗ ಅವನು ಗೋಡೆಯಾಚೆಯ ಗುಲ್ಜಾರಬಿಯ ಮನೆಯಲ್ಲಿ ಇರುತ್ತಿದ್ದ. ಗುಲ್ಜಾರಬಿ ನಮ್ಮ ಸಾಲೆಯ ಹುಡುಗಿಯರನ್ನು ಮನೆಮನೆಯಿಂದ ಕರೆತಂದು ಮತ್ತೆ ಮನೆಗೆ ಮುಟ್ಟಿಸುವವಳು. ಅವಳ ಗಂಡ ಅಲ್ಲಾಸಾಬ ಪಾತ್ರೆಗಳಿಗೆ ಕಲಾಯಿ ಹಾಕುತ್ತಾನೆ. ಅವನ ತಿದಿಯ ಮುಂದೆ ಕೂತು ಏಕನಾಥ ಒಂದು ದಿನ ಅರ್ಧ ರೊಟ್ಟಿ ತಿಂದ. ಆ ರೊಟ್ಟಿಯ ಸುದ್ದಿ ನನಗಿಂತ ಮೊದಲು ಧಾರವಾಡ ಮುಟ್ಟಿತು. ಮುಂಜಿವೆ, ಇಂಗ್ಲಿಷ್ ಸಾಲೆ, ಮನೆ, ಹೊಲ ಎಲ್ಲವನ್ನೂ ಭಾವನವರು ನನ್ನ ಮುಂದೆ ಹರವಿದರು. ಹುಡುಗನ ಒಳ್ಳೆಯದಕ್ಕೆ ಎಂದು ಎಲ್ಲರೂ ಅಂದರು. ಕಡೆಗೆ ನಾನೂ ಅಂದೆ. ಈಗ ನನ್ನ ಬಾಯಿಯನ್ನು ನಾನೇ ಬಡಿದುಕೊಳ್ಳಬೇಕೆನಿಸುತ್ತದೆ.

ಭಾವನವರು ತಮ್ಮನ ಹೆಂಡತಿಯೊಂದಿಗೆ ನೇರ ಮಾತಾಡುವವರಲ್ಲ. ನಾನು ಎದುರಿಗೇ ನಿಂತಿದ್ದರೂ ವೈನಿಗೆ ಹೇಳಿ ನನಗೆ ಕೇಳಿಸುತ್ತಾರೆ. ನಾನು ಹೊರಟಾಗಲೂ ಹಾಗೆಯೇ ಅಂದರು: "ಕಾಶೀ, ಆಕಿಗೆ ಹೇಳು. ಹಬ್ಬ ಹುಣ್ಣಿವಿಗೆ ಬರಲಿ, ಉಂಡು ಹೋಗಲಿ, ಯಾರೂ ಬ್ಯಾಡ ಅನ್ನೂದಿಲ್ಲ. ನಡುವ ನಡುವ ಬಂದ್ರ ಹುಡುಗ ಹೊಂದೂದಿಲ್ಲ."

ಬಂದವಳೇ ಸಾಲೆಯ ರಜೆಯ ಪಟ್ಟಿಯನ್ನೂ ಪಂಚಾಂಗವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆ. ರಜೆಗೇನು ಬರವಿಲ್ಲ. ನಮ್ಮವು, ಮುಸಲ್ಮಾನರವು, ಕ್ರಿಸ್ತರವು, ವಿಲಾಯತಿಯ ಬಾದಶಹರ ಹುಟ್ಟಿದ ದಿನ. ಆದರೆ ನನಗೆ ಬೇಕಾದದ್ದು ಸಾಲೆಗೆ ರಜೆಯೂ ಇದ್ದು ಆ ಮನೆಗೆ ಹಬ್ಬವೂ ಇರುವ ದಿನ. ಹೋಳಿ, ಯುಗಾದಿ; ಅಲ್ಲಿಂದ ನಾಗರಪಂಚಮಿಯವರೆಗೆ ಬಟ್ಟಬಯಲು. ಶ್ರಾವಣದಿಂದ ದೀಪಾವಳಿಯವರೆಗೆ ಒಂದರ ಹಿಂದೊಂದು, ಮತ್ತೆ ಸಂಕ್ರಾಂತಿಯವರೆಗೆ ಏನೂ ಇಲ್ಲ. ಹಬ್ಬ ಹಂಚಿದ ಹಿರಿಯರು ಮಳೆ ನೋಡಿದರು, ಸುಗ್ಗಿ ನೋಡಿದರು. ನನ್ನಂಥವಳೊಬ್ಬಳು ಹುಟ್ಟಿಯಾಳು ಎಂದು ಅವರಿಗೆ ಹೊಳೆಯಲಿಲ್ಲ.

೨೪ ಫೆಬ್ರುವರಿ, ರವಿವಾರ

ಹೋಗಬಾರದಿತ್ತು, ಹೋದೆ. ಗುಲ್ಜಾರಬಿ ಬೆಳಿಗ್ಗೆ ಬಾವಿಯ ಹತ್ತಿರ ಕೇಳಿದಳು: "ಅಕ್ಕಾರ, ನಿಮ್ಮ ಹೊಟ್ಟ್ಯಾಗ ಹುಟ್ಟಿದ ಕೂಸಿನ್ನ ನೋಡಾಕ ಹಬ್ಬ ಯಾಕ ಬೇಕ್ರಿ?" ಅವಳ ಮಾತು ತಲೆಯಲ್ಲಿ ಕೂತು ಎಬ್ಬಿಸಿತು. ಮೊದಲ ಗಾಡಿಗೇ ಹೊರಟೆ.

ಒಳಗೆ ಹೋಗುವ ಧೈರ್ಯ ಬರಲಿಲ್ಲ. ರಸ್ತೆಯ ಆಚೆ ಬೇವಿನ ಮರದ ಕೆಳಗೆ ನಿಂತೆ. ವೈನಿ ಅವನನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಉಣಿಸುತ್ತಿದ್ದರು. ಜರಿ ಟೊಪ್ಪಿಗೆ ಹಾಕಿದ್ದರು. ಅವನು ತುತ್ತು ನುಂಗದೆ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾನೆ, ನೀರು ಕುಡಿಸಬೇಕು. ಅದು ವೈನಿಗೆ ಗೊತ್ತಿಲ್ಲ. ಕೂಗಿ ಹೇಳಬೇಕೆನಿಸಿತು. ಅವರೆದ್ದು ಒಳಗೆ ಹೋದ ಮೇಲೆ ನಾನೂ ತಿರುಗಿ ಬಂದೆ. ಮುಂದಿನ ರವಿವಾರವೂ ಹೋಗುತ್ತೇನೆ. ಯಾರು ತಡೆಯುತ್ತಾರೆ ನೋಡೋಣ.

೨೦ ಮಾರ್ಚ್, ಬುಧವಾರ. ಹೋಳಿ ಹುಣ್ಣಿಮೆ

ಕೊನೆಗೂ ಬಾಗಿಲಿನಿಂದ ಒಳಗೆ ಹೋದೆ. "ಅವ್ವಾ" ಎಂದು ಓಡಿ ಬಂದು ಕಾಲಿಗೆ ತೆಕ್ಕೆಬಿದ್ದ. ನನ್ನ ಸೀರೆಯ ನೆರಿಗೆಯಲ್ಲಿ ಮುಖ ಹುದುಗಿಸಿ ಅಲ್ಲೇ ನಿಂತ. ನಾನು ತಲೆಯೆತ್ತಿ ನೋಡಿದರೆ ವೈನಿಯ ಕಣ್ಣು ತುಂಬಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಂಡೇ ಹೋಗಿದ್ದೆ, ಆದರೆ ಆಗಲಿಲ್ಲ. ಅವರೇನೂ ಕದ್ದವರಲ್ಲ. ನಾನೇ ಎತ್ತಿ ಕೊಟ್ಟಿದ್ದೇನೆ.

ಊಟಕ್ಕೆ ಮೊದಲು ವೈನಿ ಅವನನ್ನು ಪಕ್ಕಕ್ಕೆ ಕರೆದು, ಇವರು ಹುಬ್ಬಳ್ಳಿ ಕಾಕು, ಚಿಕ್ಕಮ್ಮ, ಕಾಕು ಅನಬೇಕು ಎಂದು ಕಲಿಸಿದರು. ಅವನು ನನ್ನನ್ನು ನೋಡಿದ. ಸುಳ್ಳೋ ಖರೆಯೋ ನಾನು ಹೇಳಬೇಕು ಎಂಬಂತೆ ನೋಡಿದ. ನಾನು ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತ ಕೂತೆ. ಅಂಥ ಹೇಡಿ ನಾನು.

೪ ಏಪ್ರಿಲ್, ಗುರುವಾರ. ಯುಗಾದಿ

ಯುವ ಸಂವತ್ಸರ. ಕಾಕು ಅಂದ. ಎರಡು ಸಲ ಅಂದ. ಬೇವು ನನಗೆ ಬೇರೆ ಬೇಕಾಗಲಿಲ್ಲ.

೬ ಮೇ, ಸೋಮವಾರ

ಬಾದಶಹರು ಪಟ್ಟಕ್ಕೆ ಬಂದು ಇಪ್ಪತ್ತೈದು ವರ್ಷವಾಯಿತೆಂದು ಇಂದು ಉತ್ಸವ. ಬೇಸಿಗೆಯ ಸೂಟಿ ಇದ್ದರೂ ನಮ್ಮನ್ನೆಲ್ಲ ಕರೆಸಿದರು. ಹುಡುಗಿಯರ ಕೈಯಲ್ಲಿ ಕಾಗದದ ನಿಶಾನೆ, ಬಾಯಿಯಲ್ಲಿ ಪೇಢೆ. ನಮ್ಮ ಹಿರಿಯ ಅಕ್ಕೋರು ಶಿವಲಿಂಗವ್ವನವರು ಬಿಸಿಲಲ್ಲಿ ನಿಂತು ಭಾಷಣ ಓದಿ, ಮುಗಿಯುವ ಮುನ್ನ ತಲೆತಿರುಗಿ ಕೂತರು. ನಾನು ನೀರು ತಂದುಕೊಟ್ಟೆ.

ಸಾಲೆಗೆ ತಿಂಗಳುಗಟ್ಟಲೆ ರಜೆ, ಒಂದೂ ಹಬ್ಬವಿಲ್ಲ. ಭಾವನವರ ಲೆಕ್ಕದಲ್ಲಿ ಬಾದಶಹರ ಉತ್ಸವ ಹಬ್ಬವೋ ಅಲ್ಲವೋ ಎಂದು ಕೇಳಿಸೋಣವೆನಿಸಿತು. ಅವರೆಲ್ಲ ವೈನಿಯ ತವರಿಗೆ ಹೋಗಿದ್ದಾರಂತೆ, ಕೇಳುವುದಾದರೂ ಯಾರನ್ನು? ಹೀಗೆ ಕೈಕಾಲು ಆಡಿಸಲು ಕೆಲಸವಿಲ್ಲದ ದಿನಗಳು ಮೈಮೇಲೆ ಬಂದು ಬೀಳುತ್ತವೆ. ರಾತ್ರಿಯಾದರೆ ಅವನ ಹಾಸಿಗೆಯ ಕಡೆಗೇ ಹೊರಳುತ್ತೇನೆ.

೩೦ ಜೂನ್, ರವಿವಾರ. ಮಣ್ಣೆತ್ತಿನ ಅಮಾವಾಸ್ಯೆ

ನಾನೇ ಜಿಗುಟು ಮಣ್ಣು ಕಲಸಿ ಒಂದು ಜೋಡಿ ಎತ್ತು ಮಾಡಿದೆ. ಕೊಂಬಿಗೆ ಸುಣ್ಣ, ಕಣ್ಣಿಗೆ ಕುಸುಬಿ ಕಾಳು. ಡಬ್ಬಿಯಲ್ಲಿ ಹುಲ್ಲು ಹಾಸಿ ಮುರಿಯದಂತೆ ಧಾರವಾಡಕ್ಕೆ ಒಯ್ದೆ. ಅಮಾವಾಸ್ಯೆಯೂ ಹಬ್ಬವೇ ತಾನೆ, ಊರ ಹುಡುಗರೆಲ್ಲ ಮಾಡುತ್ತಾರೆ.

ಭಾವನವರು ಪಡಸಾಲೆಯಲ್ಲಿ ಕಾಗದ ಓದುತ್ತಿದ್ದರು. ತಲೆ ಎತ್ತದೆ, "ಕಾಶೀ, ಇದು ಒಕ್ಕಲಿಗರ ಹಬ್ಬ. ನಮ್ಮ ಮನ್ಯಾಗ ಯಾವಾಗಿಂದ ಬಂತು ಕೇಳು" ಅಂದರು. ನಾನೂ ಬಿಡಲಿಲ್ಲ. ಹುಡುಗರ ಹಬ್ಬ ಅಂತ ಹೇಳ್ರಿ ವೈನಿ, ಎಂದೆ. ಪಾಪ, ಅತ್ತ ಒಂದು ಇತ್ತ ಒಂದು ಮಾತು ಹೊತ್ತು ವೈನಿ ಸುಸ್ತಾದರು.

ಅಷ್ಟರಲ್ಲಿ ಏಕನಾಥ ಡಬ್ಬಿ ಕಸಿದುಕೊಂಡಿದ್ದ. ಮಂಚದ ಕೆಳಗೆ ಎತ್ತು ಹೂಡಿ ಮಧ್ಯಾಹ್ನವೆಲ್ಲ ಹೊಲ ಉತ್ತ. ನಾನೂ ಮಂಚದ ಕೆಳಗೆ ತೂರಿ ಹೊಟ್ಟೆಯ ಮೇಲೆ ಮಲಗಿ ಆಡಿದೆ. ಇಷ್ಟು ನಕ್ಕು ಎಷ್ಟು ಕಾಲವಾಗಿತ್ತೋ. ಹೊರಡುವಾಗ ಮಾತ್ರ ಸೆರಗು ಹಿಡಿದುಬಿಟ್ಟ. ಒಂದು ಕೈ ಬಿಡಿಸಿದರೆ ಇನ್ನೊಂದು ಕೈ. ಕೊನೆಗೆ ವೈನಿ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಓಣಿಯ ತಿರುವಿನವರೆಗೂ ಅವನ ಅಳು ಕೇಳುತ್ತಿತ್ತು.

೫ ಜುಲೈ, ಶುಕ್ರವಾರ

ಭಾವನವರ ಕಾರಕೂನ ಮುರುಗೆಪ್ಪ ಹುಬ್ಬಳ್ಳಿ ಕೋರ್ಟಿಗೆ ಬಂದವನು ಸಾಲೆಯ ಬಾಗಿಲಲ್ಲಿ ನಿಂತು ಹೇಳಿಹೋದ. ಅಂದು ರಾತ್ರಿಯೇ ಏಕನಾಥನಿಗೆ ಜ್ವರ ಬಂತಂತೆ. ಅತ್ತು ಅತ್ತು ಕಣ್ಣು ಬಾತು, ನಾಲ್ಕು ದಿನ ಅನ್ನ ಬಿಟ್ಟನಂತೆ. ಈಗ ಇಳಿದಿದೆ. "ಹಬ್ಬಕ್ಕಷ್ಟ ಬರ್ರಿ ಅಂತ ಹೇಳಿದ್ದು ಇದಕ್ಕ ಅಂತ ಸಾಹೇಬ್ರು ಹೇಳ್ಯಾರ್ರಿ" ಎಂದ.

ಗುಲ್ಜಾರಬಿ ಹಾಗಲ್ಲ ಎನ್ನುತ್ತಾಳೆ. ಆಷಾಢದ ಗಾಳಿಗೆ ಯಾವ ಕೂಸಿಗೆ ಜ್ವರ ಬರುವುದಿಲ್ಲ ಎಂದು ಕೇಳುತ್ತಾಳೆ. ಆದರೆ ನಾನು ಹೋಗದಿದ್ದರೆ ಅವನು ಅಳುತ್ತಿರಲಿಲ್ಲ, ಅದಂತೂ ಖರೆ. ನನ್ನ ಖುಷಿಗೆ ಹೋದೆ, ಸಂಕಟ ಅವನು ಪಟ್ಟ. ನನ್ನಂಥ ಸ್ವಾರ್ಥಿ ಇಲ್ಲ. ಇನ್ನು ಪಟ್ಟಿಯಲ್ಲಿ ಇಲ್ಲದ ದಿನ ಆ ಊರಿನ ಕಡೆ ಮುಖ ಹಾಕುವುದಿಲ್ಲ.

೪ ಆಗಸ್ಟ್, ರವಿವಾರ. ನಾಗರಪಂಚಮಿ

ನಾಲ್ಕು ತಿಂಗಳ ಬಯಲು ಮುಗಿಯಿತು. ನಡುವೆ ಆ ಒಂದು ತಪ್ಪು ಮಾಡಿದ್ದು ಬಿಟ್ಟರೆ.

ನಾನು ಗೇಟು ತೆಗೆಯುವುದನ್ನು ಕಂಡು ಅವನು ಕಟ್ಟೆಯಿಂದ ಜಿಗಿದು ಒಳಗೆ ಓಡಿದ. "ಅವ್ವಾ, ಹಬ್ಬ ಬಂತು! ಹಬ್ಬ ಬಂತು!" ಎಂದು ವೈನಿಗೆ ಕೂಗಿ ಹೇಳಿದ. ವೈನಿ ನಕ್ಕರು, ನಾನೂ ನಕ್ಕೆ. ಜೋಕಾಲಿ ಕಟ್ಟಿದ್ದರು. ಅವನನ್ನು ತೂಗಿದೆ. ಮೈ ತುಂಬಿಕೊಂಡಿದ್ದಾನೆ. ಹೊರಟಾಗ ಸೆರಗು ಹಿಡಿಯಲಿಲ್ಲ, ಅಳಲಿಲ್ಲ, ಕೈಯಲ್ಲಿ ಎಳ್ಳುಂಡೆ ಹಿಡಿದುಕೊಂಡು ಗೇಟಿನವರೆಗೆ ಬಂದ. ಭಾವನವರ ಮಾತು ಸುಳ್ಳಲ್ಲ ಎನಿಸುತ್ತದೆ. ಹೊಂದಿಕೊಳ್ಳುತ್ತಿದ್ದಾನೆ.

೨೧ ಆಗಸ್ಟ್, ಬುಧವಾರ

ಸರಕಾರದ ಪಟ್ಟಿಯಲ್ಲಿ ಗೋಕುಲಾಷ್ಟಮಿ ಇಂದು. ಆ ಮನೆಯಲ್ಲಿ ಮಠದ ಪಂಚಾಂಗ. ಅವರಿಗೆ ಅಷ್ಟಮಿ ನಾಳೆ. ನನಗೆ ಇದು ಗೊತ್ತಿರಲಿಲ್ಲವೆಂದಲ್ಲ, ಆ ಮನೆಯ ಸೊಸೆಯಾಗಿ ಎಷ್ಟು ಅಷ್ಟಮಿಗೆ ಚಕ್ಕುಲಿ ಒತ್ತಿದ್ದೇನೆ. ಇಂದಿನ ಬದಲು ನಾಳೆ ರಜೆ ಕೊಡಿರೆಂದು ಶಿವಲಿಂಗವ್ವನವರನ್ನು ಕೇಳಿಕೊಂಡೆ. ಸಾಲೆಗೆ ಒಂದೇ ಕೃಷ್ಣ ಹುಟ್ಟುತ್ತಾನೆ ಅಂದರು. ಅಷ್ಟಮಿ ಅಷ್ಟಮಿಯೇ ಎಂದು ಇಂದೇ ಹೋದೆ.

ನನ್ನನ್ನು ನೋಡಿ ಅವನು ಹಬ್ಬ ಬಂತೆಂದು ಕುಣಿದ. ಅಡಿಗೆಮನೆಗೆ ಓಡಿದ. ಅಲ್ಲಿ ಏನೂ ಇಲ್ಲ, ಬರೀ ಅನ್ನ ಸಾರು. ನಾಳೆ ಹಬ್ಬ ಎಂದು ವೈನಿ ಹೇಳಿದರೆ ಒಪ್ಪಲೊಲ್ಲ. ಕಾಕು ಬಂದಿದ್ದಾಳೆ, ಹಬ್ಬ ಬಂದಿದೆ, ಉಂಡೆ ಎಲ್ಲಿ ಎಂದು ನೆಲಕ್ಕೆ ಬಿದ್ದು ಹೊರಳಿದ. ವೈನಿ ಕೆಟ್ಟ ಮಾತು ಆಡಲಿಲ್ಲ. ದೇವರ ಮುಂದಿನ ಬೆಲ್ಲದ ಚೂರು ತಂದು ಅವನ ಬಾಯಿಗೆ ಹಾಕಿದರು. ಆದರೆ ನನಗೇ ನಾಚಿಕೆಯಾಯಿತು. ಕೂಸಿನ ತಲೆ ಕೆಡಿಸಿದಂತಾಯಿತಲ್ಲ. ತಪ್ಪು ದಿನ ಹೋಗುವುದಕ್ಕಿಂತ ಹೋಗದಿರುವುದೇ ಮೇಲು.

ನಾಳೆ ಆ ಮನೆಯಲ್ಲಿ ಚಕ್ಕುಲಿ, ನನಗೆ ಮೂರನೆಯ ಇಯತ್ತೆಯ ಭಾಗಾಕಾರ.

೭ ಅಕ್ಟೋಬರ್, ಸೋಮವಾರ. ದಸರೆ

ಹೋಗಿದ್ದೆ. ಬನ್ನಿ ಕೊಟ್ಟು, ಬಂಗಾರ ತೊಗೊಂಡು ಬಂಗಾರಧಂಗ ಇರೋಣು ಎಂದು ತೊದಲದೆ ಹೇಳಿದ. ಎಲ್ಲರಿಗೂ ಹಾಗೆಯೇ ಕೊಟ್ಟ. ನನಗೆ ಒಂದೆಲೆ ಹೆಚ್ಚು ಕೊಟ್ಟನೆಂದು ವೈನಿ ಹೇಳಿದರು. ನಾನು ಗಮನಿಸಿರಲಿಲ್ಲ. ಶೇಷು ಅಕ್ಷರ ಚೆನ್ನಾಗಿ ತಿದ್ದುತ್ತಿದ್ದಾನೆ.

೨೮ ಅಕ್ಟೋಬರ್, ಸೋಮವಾರ. ಬಲಿಪಾಡ್ಯ

ಸಪ್ತಾಪುರಕ್ಕೆ ಹೋಗಿ ಬಂದೆ. ಊಟ ಚೆನ್ನಾಗಿತ್ತು. ಶೇಷು ಮದ್ದು ಸುಡುತ್ತಿದ್ದ. ಸಂಜೆಯ ಗಾಡಿ ತಡ.

೨೭ ಡಿಸೆಂಬರ್, ಶುಕ್ರವಾರ. ರಂಜಾನ್

ಈ ಇಸವಿಯಲ್ಲಿ ಇದು ಎರಡನೆಯ ರಂಜಾನ್ ಹಬ್ಬ. ಒಂದು ಜನವರಿಯ ಮೊದಲ ವಾರದಲ್ಲಿ ಆಗಿಹೋಗಿತ್ತು. ಆಗ ಏಕನಾಥ ಇಲ್ಲೇ ಇದ್ದ. ಚಂದ್ರನ ವರ್ಷ ಗಿಡ್ಡ, ಹಾಗಾಗಿ ಅವರ ಹಬ್ಬ ಜಾರುತ್ತ ಜಾರುತ್ತ ಎಲ್ಲ ಕಾಲಕ್ಕೂ ಬರುತ್ತದೆ. ನಿನ್ನೆ ಸಂಜೆ ಓಣಿಯವರೆಲ್ಲ ಮಾಳಿಗೆ ಏರಿ ಚಂದ್ರನನ್ನು ಹುಡುಕಿದರು. ಮೋಡವಿತ್ತು. ಕಡೆಗೆ ಅಲ್ಲಾಸಾಬನಿಗೇ ಮೊದಲು ಕಂಡಿತು ಎಂದು ಗುಲ್ಜಾರಬಿಗೆ ಹೆಮ್ಮೆ.

ಹಾಲಿನಲ್ಲಿ ಬೇಯಿಸಿದ ಶ್ಯಾವಿಗೆ ತಂದು ಹೊಸ್ತಿಲಾಚೆ ಇಟ್ಟಳು. ಒಳಗೆ ಕರೆದು ಅವಳ ಮುಂದೆಯೇ ಕುಡಿದೆ. ಇನ್ನು ಯಾರ ಭಯ? ಆ ಸುದ್ದಿ ಧಾರವಾಡ ಮುಟ್ಟಿದರೆ ಒಯ್ಯಲು ನನ್ನ ಹತ್ತಿರ ಮತ್ತೊಂದು ಕೂಸಿಲ್ಲ.

ಕ್ರಿಸ್ಮಸ್ ರಜೆ, ಸಾಲೆ ಇನ್ನೂ ತೆರೆದಿಲ್ಲ, ಒಂದು ಸಲ ಹೋಗಿ ಹುಡುಗನನ್ನು ನೋಡಿ ಬರಬಾರದೇ ಎಂದಳು. ಸಂಕ್ರಾಂತಿಗೆ ಹೋಗುವವಳಿದ್ದೇನಲ್ಲ ಎಂದೆ. ಅಲ್ಲಿಯವರೆಗೆ ಯಾಕೆ ಕಾಯಬೇಕೆಂದು ಮತ್ತೆ ಅದೇ ಹಟ. ನಡುವೆ ನಡುವೆ ಹೋದರೆ ಹುಡುಗ ಹೊಂದುವುದಿಲ್ಲ ಎಂದು ಅವಳಿಗೆ ಸಮಾಧಾನದಿಂದ ತಿಳಿಸಿ ಹೇಳಿದೆ. ಅವಳು ಬಟ್ಟಲು ಎತ್ತಿಕೊಂಡು ಹೋದಳು. ಓದು ಬರಹ ಇಲ್ಲದವರಿಗೆ ಇವೆಲ್ಲ ಬೇಗ ತಿಳಿಯುವುದಿಲ್ಲ.

೧೪ ಜನವರಿ ೧೯೩೬, ಮಂಗಳವಾರ. ಸಂಕ್ರಾಂತಿ

ಶೇಷುವಿಗೆ ಕುಸುರೆಳ್ಳು ಒಯ್ದಿದ್ದೆ. ಊಟವಾದ ಮೇಲೆ ವೈನಿ ಒಳಗೆ ಮುತ್ತೈದೆಯರಿಗೆ ಎಳ್ಳು ಬೀರುತ್ತಿದ್ದರು. ನಾನು ಹೋಗುವಂತಿಲ್ಲ, ಹಿತ್ತಲಲ್ಲಿ ಕೂತಿದ್ದೆ. ಅವನು ಬಂದು ಒತ್ತಿಕೊಂಡು ಕೂತ.

"ಕಾಕು, ಮುಂದಿನ ಹಬ್ಬ ಯಾವಾಗ?" ಎಂದು ಕೇಳಿದ.

ಮಾಘ ಮುಗಿಯಬೇಕು, ಆಮೇಲೆ ಫಾಲ್ಗುಣ, ಅದರಲ್ಲಿ ಹೋಳಿ ಹುಣ್ಣಿಮೆ ಎಂದು ಬೆರಳು ಮಡಿಸಿ ಹೇಳಿಕೊಟ್ಟೆ. ರಥಸಪ್ತಮಿ ಮೊದಲು ಬರುತ್ತದೆ, ಅವ್ವ ಹೇಳಿದ್ದಾಳೆ ಎಂದ. ಅದು ನಿಮಗೆ ಹಬ್ಬ, ನಮ್ಮ ಸಾಲೆಗೆ ರಜೆ ಇಲ್ಲ ಎಂದೆ. ಹಾಗಾದರೆ ಅದು ಹಬ್ಬ ಅಲ್ಲ ಅಂದ. ಐದು ವರ್ಷದ ಹುಡುಗನಿಗೆ ಬುದ್ಧಿ ಚುರುಕು. ತಿಂಗಳ ಹೆಸರುಗಳನ್ನು ಎರಡು ಸಲ ಹೇಳಿಸಿದೆ, ತಪ್ಪಿಲ್ಲದೆ ಒಪ್ಪಿಸಿದ.

೨೧ ಜನವರಿ, ಮಂಗಳವಾರ

ಬಾದಶಹರು ತೀರಿಕೊಂಡರಂತೆ. ತಂತಿ ಬಂದ ಕೂಡಲೆ ಗಂಟೆ ಬಾರಿಸಿ ಸಾಲೆ ಬಿಟ್ಟರು. ಮೇ ತಿಂಗಳಲ್ಲಿ ಪೇಢೆ ತಿಂದ ಹುಡುಗಿಯರೇ ಇಂದೂ ಹೋ ಎಂದು ಮನೆಗೆ ಓಡಿದರು. ಗುಲ್ಜಾರಬಿಗೆ ಅವರನ್ನು ಸಾಲು ಹಿಡಿಸುವುದೇ ಸಾಕಾಯಿತು.

೨೮ ಜನವರಿ, ಮಂಗಳವಾರ

ವಿಲಾಯತಿಯಲ್ಲಿ ಇಂದು ಬಾದಶಹರ ಮಣ್ಣು. ಇಲ್ಲಿ ಕಚೇರಿ, ಸಾಲೆ, ಗಿರಣಿ ಎಲ್ಲ ಬಂದ್.

ಯಾವ ಪಟ್ಟಿಯಲ್ಲೂ ಇಲ್ಲದ ರಜೆ. ಬೆಳಿಗ್ಗೆ ಸೀರೆಗಳನ್ನೆಲ್ಲ ಒಗೆದೆ. ಕೌದಿಗೆ ಹೊಲಿಗೆ ಹಾಕಿದೆ. ಗುಲ್ಜಾರಬಿ ಬಂದು ಬಾಗಿಲಿಗೆ ಒರಗಿ ನಿಂತಳು.

"ಇವತ್ತ ಇಡೀ ದಿನಾ ರಜಾ ಐತಲ್ರಿ ಅಕ್ಕಾರ. ಹೋಗಿ ಬರ್ರಿ ಒಮ್ಮೆ."

"ಇದು ರಜಾ, ಗುಲ್ಜಾರಬಿ. ಹಬ್ಬ ಅಲ್ಲ" ಎಂದೆ.

ಅವಳು ಸೆರಗು ಹೊದ್ದುಕೊಂಡು ಹೋದಳು. ಮಧ್ಯಾಹ್ನ ಚಾಪೆ ಹಾಸಿ ಮಲಗಿದೆ. ಬಹಳ ದಿನಗಳ ಮೇಲೆ ಸುಖವಾಗಿ ನಿದ್ದೆ ಬಂತು. ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು.

೨ ಫೆಬ್ರುವರಿ, ರವಿವಾರ

ಗುರುವಾರ ಮೂರನೆಯ ಇಯತ್ತೆಗೆ ಪದ್ಯ ಹೇಳಿಕೊಡುತ್ತಿದ್ದೆ. ಕಿಟಕಿಯಲ್ಲಿ ಭಾವನವರು ಕಂಡರು. ತಲೆಯ ಮೇಲೆ ರುಮಾಲು ಇರಲಿಲ್ಲ. ನಾನು ಹೊರಗೆ ಬಂದೆ. ನಡುವೆ ವೈನಿ ಇರಲಿಲ್ಲ, ಮುರುಗೆಪ್ಪನೂ ಇರಲಿಲ್ಲ.

"ಅಂಬಾ, ನಡಿ ಮನಿಗೆ" ಅಂದರು.

ಆ ಮನೆಯ ಸೊಸೆಯಾದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ಮಾತು ಅದು. ಅದಕ್ಕೆ ನಾನು ಏನು ಕೇಳಿದೆ ಎಂಬುದನ್ನು ಬರೆಯಲೇಬೇಕು. "ಇವತ್ತ ಹಬ್ಬ ಇಲ್ಲಲ್ರಿ?" ಎಂದು ಕೇಳಿದೆ.

ಅವರು ತಿರುಗಿ ಹೊರಗೆ ನಡೆದರು. ಬಾಡಿಗೆಯ ಮೋಟಾರು ತಂದಿದ್ದರು. ದಾರಿಯಲ್ಲಿ ಒಂದೇ ಮಾತು ಹೇಳಿದರು, ಗಂಟಲಮಾರಿ ಎಂದು. ಸಿವಿಲ್ ಸರ್ಜನ್ನರು ಬಂದು ಹೋದರೆಂದು ಹೇಳಿ ಮುಖ ಆಚೆ ತಿರುಗಿಸಿದರು. ನಾವು ರಾಯಾಪುರ ದಾಟುವ ಹೊತ್ತಿಗೆ ಹೋಗಿಬಿಟ್ಟಿದ್ದನಂತೆ. ನಾನು ಹೋದಾಗ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ಕುತ್ತಿಗೆ ಬಾತಿತ್ತು. ಕೈ ಮುಟ್ಟಿದೆ, ಇನ್ನೂ ಬಿಸಿ ಇತ್ತು.

ಬಾಗಿಲಿಗೆ ಮಾವಿನೆಲೆಯ ತೋರಣವಿತ್ತು, ಬಾಡಿದ್ದು. ಯಾಕೆ ಕಟ್ಟಿದ್ದರೋ, ಬಿಚ್ಚಲು ಯಾರಿಗೂ ನೆನಪಾಗಿರಲಿಲ್ಲ.

ಅವರಿಗೆ ಹತ್ತು ದಿನದ ಸೂತಕ. ಕೊಟ್ಟ ತಾಯಿಗೆ ಮೂರೇ ದಿನ ಎಂದು ಭಟ್ಟರು ಹೇಳಿದರು. ನಿನ್ನೆಗೆ ನನ್ನದು ಮುಗಿಯಿತು.

೯ ಫೆಬ್ರುವರಿ, ರವಿವಾರ

ಇಂದು ವೈನಿ ಬಂದಿದ್ದರು. ಹುಬ್ಬಳ್ಳಿಯ ಈ ಮನೆಗೆ ಅವರು ಎಂದೂ ಬಂದವರಲ್ಲ. ಮುರುಗೆಪ್ಪನನ್ನು ಹೊರಗೆ ನಿಲ್ಲಿಸಿ ಒಳಗೆ ಬಂದು ಬರಿ ನೆಲದ ಮೇಲೆ ಕೂತರು. ಬಾಗಿಲ ಹಿಂದೆ ಬಿದ್ದಿದ್ದ ಮರದ ಕುದುರೆಯನ್ನು ನೋಡಿದರು, ಎತ್ತಿ ತೊಡೆಯ ಮೇಲೆ ಇಟ್ಟುಕೊಂಡರು. ಆಮೇಲೆ ಹೇಳಿದರು.

"ಜ್ವರಾ ಬಂದಾಗಿಂದ ಒಂದ ಮಾತ ಕೇಳ್ದ, ಅಂಬಾ. ಹಬ್ಬ ಯಾವಾಗ, ಹಬ್ಬ ಯಾವಾಗ. ಹೋಳಿಗಿ ಬೇಡ್ತಾನ ಅಂತ ತಿಳಕೊಂಡೆ. ಗಂಟಲದಾಗ ನೀರ ಇಳೀಲಾರದ ಕೂಸಿಗೆ ನಾ ಹೋಳಿಗಿ ಮಾಡಿದೆ. ಬಾಗಲಿಗೆ ತೋರಣಾ ಕಟ್ಟಿದೆ. ಎತ್ಕೊಂಡು, ನೋಡಪಾ, ಹಬ್ಬ ಬಂತು ಅಂದೆ. ಹೋಳಿಗಿ ಕಡೆ ನೋಡಲೇ ಇಲ್ಲ. ಬಾಗಲಾ ನೋಡ್ದ. ಸಂಜೀತನಕಾ ಬಾಗಲಾ ನೋಡಕೋತ ಮಲಗಿದ್ದ."

ಅವರಿಗೆ ಆಗ ತಿಳಿಯಿತಂತೆ. ಹುಬ್ಬಳ್ಳಿಗೆ ಹೇಳಿ ಕಳಿಸೋಣ ಎಂದರಂತೆ. ಹಿಂದೆ ನಾನು ಬಂದು ಹೋದಾಗಲೇ ಜ್ವರ ಏರಿತ್ತು, ಇದು ಇಳಿಯಲಿ, ಆಮೇಲೆ ಕರೆಸೋಣ ಎಂದರಂತೆ ಭಾವನವರು. ಗುರುವಾರ ಬೆಳಿಗ್ಗೆ ಉಸಿರು ಕಟ್ಟತೊಡಗಿದಾಗ ಅವರೇ ರುಮಾಲು ಸುತ್ತಿಕೊಳ್ಳದೆ ಓಡಿ ಬಂದರು.

ತೋರಣ ಕಟ್ಟಿದ್ದು ಯಾವ ದಿನ ಎಂದು ಕೇಳಿದೆ. ಕೇಳುವ ಮೊದಲೇ ನನಗೆ ಗೊತ್ತಿತ್ತು.

"ಮಂಗಳವಾರ" ಅಂದರು.

ಮಂಗಳವಾರ ನನಗೆ ರಜೆ ಇತ್ತು. ಸೀರೆ ಒಗೆದೆ, ಕೌದಿ ಹೊಲಿದೆ, ದೀಪ ಹಚ್ಚುವವರೆಗೆ ಮಲಗಿದ್ದೆ. ಗುಲ್ಜಾರಬಿ ಬಾಗಿಲಲ್ಲಿ ನಿಂತು ಹೋಗಿರೆಂದು ಹೇಳಿದಳು. ಯಾರೂ ನನ್ನನ್ನು ಕಟ್ಟಿ ಹಾಕಿರಲಿಲ್ಲ. ಇದನ್ನು ವೈನಿಗೆ ಹೇಳಲು ಬಾಯಿ ಬರಲಿಲ್ಲ. ನನ್ನ ಏಕನಾಥ ಬಾಗಿಲು ನೋಡುತ್ತಿದ್ದ, ನಾನು ನಿದ್ದೆ ಮಾಡುತ್ತಿದ್ದೆ. ಯಾವ ದೇವರೂ ನನ್ನನ್ನು ಕ್ಷಮಿಸಬೇಕಾಗಿಲ್ಲ.

ಗುಲ್ಜಾರಬಿ ಚಹಾ ಮಾಡಿ ತಂದು ಹೊಸ್ತಿಲಾಚೆ ಇಟ್ಟಳು. ವೈನಿ ಎದ್ದು ಹೋಗಿ ಎರಡೂ ಬಟ್ಟಲು ತಂದರು. ಒಂದು ನನ್ನ ಕೈಗೆ ಕೊಟ್ಟು ಇನ್ನೊಂದನ್ನು ತಾವು ಕುಡಿದರು.

ಹೊರಡುವಾಗ ಕುದುರೆಯನ್ನು ತಾವು ಒಯ್ಯಲೇ ಎಂದು ಕೇಳಿದರು. ಒಯ್ಯಿರಿ ಎಂದೆ. ಹೊಸ್ತಿಲು ದಾಟಿ ಮತ್ತೆ ತಿರುಗಿ ನಿಂತರು.

"ಇನ್ನ ಒಂದ ವರ್ಷ ನಮ್ಮನ್ಯಾಗ ಹಬ್ಬ ಇಲ್ಲ, ಅಂಬಾ. ನೀ ಯಾವಾಗ ಬೇಕಾದ್ರೂ ಬಾ."

ಹೂಂ ಎಂದೆ. ಗಾಡಿಯ ಹೊತ್ತಾಗಿತ್ತು, ಮುರುಗೆಪ್ಪ ಅವರನ್ನು ಕರೆದುಕೊಂಡು ಹೋದ.

ನಾಳೆ ಸೋಮವಾರ. ಸಾಲೆ ಇದೆ.